ಕೊಕ್ಕೆ ಆಟದ ಅಸಲಿ ವೇಗ

ಮಾರ್ಚ್ ೪, ಬೆಳಿಗ್ಗೆ

ಇವತ್ತೂ ಕಾಗೆ ಕಾಲು, ಗುಬ್ಬಿ ಕಾಲು. ಫಿಸಿಯೋ ಹುಡುಗಿಯ ಅಪ್ಪಣೆ — ದಿನಾ ಬಲಗೈಯಲ್ಲಿ ಒಂದಿಷ್ಟು ಬರೆಯಬೇಕು. ಏನು ಬೇಕಾದರೂ. ಯಾರೂ ಓದುವುದಿಲ್ಲ. ಹಾಗಿದ್ದರೆ ಬೈಗುಳವನ್ನೇ ಬರೆದರೂ ನಡೆಯುತ್ತದೆ.

ಸ್ಪಂಜಿನ ಚೆಂಡು ಹಿಸುಕಿದ್ದಾಯಿತು. ಬಟ್ಟೆ ಕ್ಲಿಪ್ಪು ಹಾಕಿ ತೆಗೆದದ್ದಾಯಿತು. ಇಷ್ಟು ವರ್ಷ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವಳು, ಮೋಡಕ್ಕೆ ಕೈ ತಾಗುವಷ್ಟು ಎತ್ತರ, ಒಂದು ದಿನ ಕಾಲು ಜಾರಲಿಲ್ಲ. ಸ್ವಂತ ಬಚ್ಚಲಲ್ಲಿ ಜಾರಿದೆ. ಮಣಿಕಟ್ಟು ಮುರಿಯಿತು, ನರ ಹರಿಯಿತು. ಮೂಳೆ ಕೂಡಿದೆ. ನರ ಹೊಲಿದಿದ್ದಾರೆ. ಬೆರಳುಗಳು ಮಾತ್ರ ಇನ್ನೂ ಮುನಿಸಿಕೊಂಡಿವೆ. ಹೇಳಿದ್ದು ಕೇಳುತ್ತವೆ, ಆದರೆ ತಡವಾಗಿ.

ಇನ್ನು ಕಂಪ್ಯೂಟರಿನ ಹಳೆಯ ಕೊಕ್ಕೆ ಆಟ, ಪ್ಲಾಸ್ಟರ್ ಬಿಚ್ಚಿದ ಮೇಲೆ ಇವತ್ತೇ ಮೊದಲ ಸಲ. ಅದೊಂದೇ ಈ ಕೈಗೆ ಖುಷಿ ಕೊಡುವ ಕೆಲಸ.

ಮಾರ್ಚ್ ೪, ಮಧ್ಯಾಹ್ನ

ಆಟ ಇಲ್ಲ!

ನಾದಿನಿ ಭಾನುವಾರ ಕೂತು ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಾಳೆ. ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು, ಮನೆಯ ಯಂತ್ರಗಳಿಗೆಲ್ಲ ಅವಳೇ ಯಜಮಾನಿ. ಕೇಳಬೇಕು ಅನ್ನಿಸಲಿಲ್ಲವಂತೆ. ನನ್ನ ಕೊಕ್ಕೆಯ ಚಿತ್ರ ಒತ್ತಿದರೆ ಒಂದು ನೀಲಿ ಡಬ್ಬಿ ಬರುತ್ತದೆ. ಈ ಪ್ರೋಗ್ರಾಮ್ ಇಲ್ಲಿ ನಡೆಯುವುದಿಲ್ಲ, ತಯಾರಿಸಿದವರನ್ನು ಸಂಪರ್ಕಿಸಿ. ತಯಾರಿಸಿದವರು ಯಾವ ಕಾಲದಲ್ಲೋ ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ. ಎಲ್ಲಿಂದ ಸಂಪರ್ಕಿಸಲಿ?

"ಹಳೇ ಸಿಸ್ಟಮ್ ಸೇಫ್ ಅಲ್ಲ ಅತ್ತಿಗೆ. ಏನಾದ್ರೂ ವೈರಸ್ ಬಂದ್ರೆ?"

"ಬರಬೇಕಾದ್ದೆಲ್ಲ ನನಗೆ ಬಂದಾಯ್ತು. ನನ್ನ ಆಟ ಎಲ್ಲಿ?"

"ಅದಕ್ಕಿಂತ ಚೆನ್ನಾಗಿರೋದು ಫೋನಲ್ಲೇ ಸಿಗುತ್ತೆ. ಹಣ್ಣು ಜೋಡಿಸೋದು, ಗುಳ್ಳೆ ಒಡೆಯೋದು..."

ಗುಳ್ಳೆ ಒಡೆಯಬೇಕಂತೆ ನಾನು. ಮೈಯೆಲ್ಲ ಉರಿದುಹೋಯಿತು.

ಮಾರ್ಚ್ ೫

ಅವಳಿಗೆ ಅರ್ಥವಾಗಲಿಲ್ಲ, ಅದಕ್ಕೇ ಇಲ್ಲಾದರೂ ಬರೆದಿಡುತ್ತೇನೆ.

ಬಂದರಿನ ಕಂಟೇನರ್ ಯಾರ್ಡಿಗೆ ಸೇರಿದ ಹೊಸದರಲ್ಲಿ ನಮ್ಮನ್ನು ನೇರವಾಗಿ ಕ್ರೇನ್ ಹತ್ತಿಸಲಿಲ್ಲ. ಆಫೀಸಿನ ಕಂಪ್ಯೂಟರಿನ ಮುಂದೆ ಕೂರಿಸಿ ಈ ಆಟ ಆಡಿಸಿದರು. ನಾಲ್ಕು ಬಣ್ಣ, ಒಂದು ಹಡಗು, ಹಗ್ಗದಲ್ಲಿ ತೂಗುವ ಪೆಟ್ಟಿಗೆ. ಬಾಣದ ಗುಂಡಿಗಳಿಂದ ಕೊಕ್ಕೆ ಓಡಿಸಿ ಪೆಟ್ಟಿಗೆಯನ್ನು ಹಡಗಿನಲ್ಲಿ ಕೂರಿಸಬೇಕು. ಚಿತ್ರ ನೋಡಿದರೆ ನಗು ಬರುತ್ತದೆ, ಆದರೆ ತೂಗಾಟ ಮಾತ್ರ ನಿಜದ್ದು. ಪೆಟ್ಟಿಗೆ ಯಾವ ಕಡೆ ತೂಗುತ್ತದೋ ಆ ಕಡೆಗೇ ಕೊಕ್ಕೆ ಓಡಿಸಿ ಅದರ ತಲೆ ಮೇಲೆ ನಿಲ್ಲಿಸಬೇಕು. ಹೊಸಬರೆಲ್ಲ ಹೆದರಿ ಹಿಂದಕ್ಕೆ ಎಳೆಯುತ್ತಾರೆ. ತೂಗಾಟ ಇನ್ನೂ ಜೋರಾಗುತ್ತದೆ. ಇದು ಪುಸ್ತಕ ಓದಿದರೆ ಬರುವುದಿಲ್ಲ, ಬೆರಳಿಗೆ ಬರಬೇಕು. ನನ್ನ ಬೆರಳಿಗೆ ಬಂದದ್ದು ಈ ಆಟದಿಂದ. ಅದಕ್ಕೇ ಮನೆಯ ಕಂಪ್ಯೂಟರಿಗೂ ಹಾಕಿಸಿಕೊಂಡಿದ್ದೆ. ಮರೆತಿದ್ದನ್ನು ಮತ್ತೆ ಕಲಿಯುವುದಾದರೆ ಅಲ್ಲಿಂದಲೇ ಕಲಿಯುತ್ತೇನೆ.

ಯಾರ್ಡ್ ಮ್ಯಾನೇಜರ್ ಫೋನ್ ಮಾಡಿದ್ದರು. ಒಳ್ಳೆಯ ಮನುಷ್ಯ. "ಗೇಟ್ ಹತ್ರ ಕುರ್ಚಿ ಹಾಕಿಸಿದೀನಮ್ಮ. ಲಾರಿ ನಂಬರ್ ಬರ್ಕೊಂಡ್ರೆ ಆಯ್ತು. ಫ್ಯಾನೂ ಇದೆ."

ಫ್ಯಾನು!

ಮಾರ್ಚ್ ೯

ನೆಟ್ಟಿನಲ್ಲಿ ಹೇಳಿದ್ದು: ಮೌಸಿನ ಬಲಗುಂಡಿ ಒತ್ತು, ಪ್ರಾಪರ್ಟೀಸ್‌ಗೆ ಹೋಗು, ಹಳೆಯ ಸಿಸ್ಟಮ್‌ನಂತೆ ನಡೆಸು ಎಂದು ಟಿಕ್ ಹಾಕು. ಹಾಕಿದೆ. ನೀಲಿ ಡಬ್ಬಿ. ಅಡ್ಮಿನಿಸ್ಟ್ರೇಟರ್ ಆಗಿ ನಡೆಸು. ಆದೆ. ನೀಲಿ ಡಬ್ಬಿ. ಎಡಗೈಯಲ್ಲಿ ಮೌಸ್ ಹಿಡಿದರೆ ಬಾಣ ಎಲ್ಲೆಲ್ಲೋ ಓಡುತ್ತದೆ. ಒಮ್ಮೆ ಆಟವನ್ನೇ ಪರದೆಯ ಕಸದ ಬುಟ್ಟಿಗೆ ಹಾಕಿಬಿಟ್ಟಿದ್ದೆ. ವಾಪಸ್ ತೆಗೆದೆ.

ಇವರು ಪಕ್ಕದಲ್ಲಿ ಕೂತು ಯಾರದೋ ಕನ್ನಡಕದ ಕಾಲು ಸರಿಮಾಡುತ್ತಿದ್ದರು. ಕನ್ನಡಕದ ಅಂಗಡಿ ಇವರದು, ಕೆಲಸ ಮನೆಗೂ ತರುತ್ತಾರೆ. "ಬಿಡೇ, ಒಂದು ಆಟ ತಾನೇ" ಎಂದರು. ಒಮ್ಮೆ ದುರುಗುಟ್ಟಿ ನೋಡಿದೆ. ಮತ್ತೆ ಕನ್ನಡಕಕ್ಕೇ ಬಗ್ಗಿದರು.

ಮಾರ್ಚ್ ೧೨, ಸಂಜೆ

ಬಂತು!

ನಾದಿನಿಗೇ ಪಾಪಪ್ರಜ್ಞೆ ಕಾಡಿರಬೇಕು. ಎಮ್ಯುಲೇಟರ್ ಎಂಬುದೊಂದನ್ನು ಹುಡುಕಿ ತಂದಳು. ಹೊಸ ಯಂತ್ರದೊಳಗೆ ಕೂತು ಹಳೆಯ ಯಂತ್ರದ ವೇಷ ಹಾಕುತ್ತದೆಯಂತೆ. ಆಟಕ್ಕೆ ತಾನು ಯಾವ ಕಾಲದಲ್ಲಿದ್ದೇನೆಂದೇ ಗೊತ್ತಾಗುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಆಮೇಲೆ ಹಡಗಿನ ಸೈರನ್... ಆ ಕೀಂಯ್ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ನಾಚಿಕೆ ಏನಿಲ್ಲ, ಬಂತು.

ಆದರೆ ಕೊಕ್ಕೆ ಹುಚ್ಚು ಹಿಡಿದಂತೆ ಓಡಿತು. ಮುಟ್ಟಿದ್ದೇ ತಡ, ಪೆಟ್ಟಿಗೆ ಸಮುದ್ರ ಪಾಲು. ಆಟ ಮುಗಿಯಿತು. ನಾನು ಇನ್ನೂ ಕುರ್ಚಿ ಸರಿಮಾಡಿಕೊಳ್ಳುತ್ತಿದ್ದೆ.

"ಹಳೇ ಆಟಕ್ಕೆ ಸ್ವಂತ ಗಡಿಯಾರ ಇಲ್ಲ ಅತ್ತಿಗೆ. ಯಂತ್ರ ಎಷ್ಟು ಜೋರೋ ಅದೂ ಅಷ್ಟು ಜೋರು. ಇರಿ, ಇದಕ್ಕೆ ಲಗಾಮು ಇದೆ." ಎರಡು ಗುಂಡಿ ತೋರಿಸಿದಳು. ಒಂದು ಒತ್ತಿದರೆ ನಿಧಾನ, ಇನ್ನೊಂದು ಒತ್ತಿದರೆ ಜೋರು. ನಾನು "ಇನ್ನೂ, ಇನ್ನೂ... ಸ್ವಲ್ಪ ಜೋರು... ಹಾಂ, ಇದೇ!" ಎಂದೆ. ಆ ವೇಗವನ್ನೇ ಸೆಟ್ಟಿಂಗಿನಲ್ಲಿ ಬರೆದಿಟ್ಟಳು. ಆಟ ಶುರುವಾದರೆ ಇನ್ನು ಯಾವಾಗಲೂ ಅಲ್ಲಿಂದಲೇ. ಇವರೂ ಬಗ್ಗಿ ನೋಡಿದರು. ಯಾವ ಗುಂಡಿ ಯಾವುದಕ್ಕೆ ಎಂದು ಎರಡೆರಡು ಸಲ ಕೇಳಿದರು. ಇವರಿಗೇನು ಬಂತು ಈ ವಯಸ್ಸಿನಲ್ಲಿ ಕಂಪ್ಯೂಟರ್ ಹುಚ್ಚು!

ಮಾರ್ಚ್ ೧೪

ಸೋಲು. ಸೋಲು. ಸೋಲು. ಒಂದು ಪೆಟ್ಟಿಗೆಯೂ ಹಡಗಿಗೆ ಹೋಗಲಿಲ್ಲ. ಮೆದುಳು ಹೇಳುತ್ತದೆ, ಬೆರಳು ಆಮೇಲೆ ಕೇಳುತ್ತದೆ. ಊಟ ಸೇರಲಿಲ್ಲ. ಇವರು ತಟ್ಟೆ ಹಿಡಿದುಕೊಂಡು ಹಿಂದೆಯೇ ತಿರುಗಿದರು. ಬೇಡ ಎಂದು ಕೂಗಿದೆ.

ಮಾರ್ಚ್ ೧೯

ಇವರಿಗೆ ದೊಡ್ಡ ಮನಸ್ಸು. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಕಂಪ್ಯೂಟರ್ ಹಾಕಿ, ಆ ಕಪ್ಪು ಪರದೆಯ ಅಕ್ಷರಗಳನ್ನೆಲ್ಲ ಟೈಪ್ ಮಾಡಿ, ಆಟ ಶುರು ಮಾಡಿಟ್ಟು, ಪಕ್ಕದಲ್ಲಿ ಚಹಾ ಇಟ್ಟು ಹೋಗುತ್ತಾರೆ. ನಾನು ಕೂತರೆ ಸಾಕು.

ಇವತ್ತು ಮೊದಲ ಪೆಟ್ಟಿಗೆ ಕೂತಿತು.

ಮಾರ್ಚ್ ೨೩

ಇವತ್ತು ಅರ್ಧ ಹಡಗು! ಬೆರಳಿಗೆ ಬುದ್ಧಿ ಬರುತ್ತಿದೆ. ಫಿಸಿಯೋ ಹುಡುಗಿಗೆ ತೋರಿಸಿದೆ. "ಚೆಂಡು ಬೇಡ ಅಂದವರು ಇದನ್ನ ಮಾತ್ರ ಬಿಡೋದೇ ಇಲ್ವಲ್ಲ ಆಂಟಿ" ಎಂದು ನಕ್ಕಳು. ಹಿಡಿತ ನಿಜವಾಗಿಯೂ ಬಿಗಿಯಾಗಿದೆ ಎಂದಳು.

ಮಾರ್ಚ್ ೨೮

ಹಡಗು ತುಂಬಿತು. ಪೂರ್ತಿ. ಎದ್ದು ನಿಂತು ಚಪ್ಪಾಳೆ ಹೊಡೆದೆ. ಇವರು ತಿಂಡಿ ಬಿಟ್ಟು ಓಡಿ ಬಂದರು. ಅವರ ಮುಖದಲ್ಲೂ ನಗು.

ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿದೆ. ಗೇಟು ಬೇಡ, ಪರೀಕ್ಷೆ ಇಡಿ, ಕ್ರೇನ್ ಹತ್ತುತ್ತೇನೆ. "ಕ್ರೇನಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಡಾಕ್ಟರ ಸರ್ಟಿಫಿಕೇಟ್ ಕೇಳಿದರು. ಅದು ಸಿಗುತ್ತದೆ. ಪರೀಕ್ಷೆ ಏಪ್ರಿಲ್ ೨೨ಕ್ಕೆ ಎಂದು ಗೊತ್ತುಮಾಡಿದರು. ಇದೊಂದು ಅವಕಾಶ. ಪಾಸಾಗದಿದ್ದರೆ ಕ್ಯಾಬಿನ್ನಿಗೆ ಬೇರೆಯವರು, ನನಗೆ ಫ್ಯಾನು.

ಇವರಿಗೆ ಹೇಳಿದಾಗ ಯಾಕೋ ಮುಖ ಸಪ್ಪಗಾಯಿತು. "ಇಷ್ಟು ಬೇಗ ಯಾಕೆ?" ಎಂದರು. ಹೆದರುಪುಕ್ಕಲ.

ಏಪ್ರಿಲ್ ೬, ಬೆಳಿಗ್ಗೆ

ಇವರು ಕನ್ನಡಕದ ಗಾಜು ತರಲು ಬೇಗ ಹೊರಟರು. ನಾನೇ ಆಟ ಶುರು ಮಾಡಿಕೊಂಡೆ. ಒಂದೊಂದೇ ಅಕ್ಷರ ಒತ್ತಿ.

ಮೊದಲ ಪೆಟ್ಟಿಗೆ — ನೀರಿಗೆ. ಎರಡನೆಯದೂ. ಕೊಕ್ಕೆ ಸರಸರ ಓಡುತ್ತದೆ, ಬೆರಳು ತಲುಪುವುದೇ ಇಲ್ಲ. ಮತ್ತೆ ಹಾಕಿದೆ. ಅದೇ ಕಥೆ. ಆ ದರಿದ್ರ ಸಿಸ್ಟಮ್ ಮತ್ತೇನೋ ಅಪ್‌ಡೇಟ್ ಮಾಡಿಕೊಂಡು ಕೆಡಿಸಿಟ್ಟಿದೆ. ನಾದಿನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

ಏಪ್ರಿಲ್ ೬, ಸಂಜೆ

ಪೆನ್ನು ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ನಾದಿನಿ ಬಂದು ನೋಡಿದಳು. "ಸರಿಯಾಗೇ ಇದೆಯಲ್ಲ ಅತ್ತಿಗೆ. ಅವತ್ತು ನೀವು ಇದೇ ಅಂದಿದ್ರಲ್ಲ, ಅದೇ ವೇಗ. ನಾನು ಬರೆದಿಟ್ಟಿದ್ದು ಬದಲಾಗೇ ಇಲ್ಲ."

"ಹಾಗಾದ್ರೆ ನಿನ್ನೆವರೆಗೆ ಹೇಗೆ ಗೆದ್ದೆ?"

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಬಾಗಿಲ ಕಡೆ ನೋಡಿದಳು. ಇವರು ಗಾಜಿನ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು, ಚಪ್ಪಲಿ ಕೂಡ ಬಿಚ್ಚಿರಲಿಲ್ಲ.

ದಿನಾ ಬೆಳಿಗ್ಗೆ ಆಟ ಶುರು ಮಾಡಿಟ್ಟು, ನಿಧಾನದ ಗುಂಡಿಯನ್ನು ಒತ್ತುತ್ತಿದ್ದರಂತೆ. ಮೊದಲು ಒಂದು ಸಲ. ಆಮೇಲೆ ಇನ್ನೊಂದು. ಗೊತ್ತಾಗಬಾರದು ನೋಡಿ — ಗಿರಾಕಿಯ ಕಣ್ಣಿಗೆ ಒಂದೊಂದೇ ಗಾಜು ಬದಲಿಸಿ "ಈಗ ಹೇಗಿದೆ, ಈಗ ಹೇಗಿದೆ" ಎನ್ನುವ ಅದೇ ಕೈ.

"ನೀನು ಊಟ ಬಿಟ್ಟಿದ್ದೆ ಕಣೇ. ಮಾತೂ ಬಿಟ್ಟಿದ್ದೆ. ಒಂದು ಪೆಟ್ಟಿಗೆ ಕೂತ ದಿನ ನಕ್ಕೆ. ನೀನು ನಕ್ಕು ಎಷ್ಟು ದಿನ ಆಗಿತ್ತು... ನೀನು ಪರೀಕ್ಷೆ ಕೇಳ್ತೀಯ ಅಂತ ನನಗೇನು ಗೊತ್ತು?"

"ನನ್ನನ್ನ ಏನಂತ ತಿಳ್ಕೊಂಡಿದೀರಿ? ಅಂಬೆಗಾಲಿಡೋ ಮಗುನಾ? ಆಟದಲ್ಲಿ ಸುಮ್ ಸುಮ್ನೆ ಗೆಲ್ಸೋಕೆ?"

"ಪರೀಕ್ಷೆ ಮುಂದಕ್ಕೆ ಹಾಕ್ಸು. ನಾನೇ ಮ್ಯಾನೇಜರ್ ಹತ್ರ ಮಾತಾಡ್ತೀನಿ."

"ನೀವು ಆ ಫೋನ್ ಮುಟ್ಟಿ ನೋಡಿ."

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ನೋವು ಇದಕ್ಕಲ್ಲ — ಕಣ್ಣಿಗೆ ಮಣ್ಣೆರಚಿದರು ಎಂದಲ್ಲ. ನಾನು ಗೆಲ್ಲಲಾರೆ ಎಂದು ಇವರು ನಂಬಿದ್ದರು. ಅದಕ್ಕೆ.

ಏಪ್ರಿಲ್ ೧೧

ನಾಲ್ಕೈದು ದಿನ ಬರೆಯಲಿಲ್ಲ. ಬರೆದರೆ ಬರೀ ಬೈಗುಳ. ಮನೆಯಲ್ಲಿ ಮಾತೆಲ್ಲ ನಾದಿನಿಯ ಮೂಲಕ. "ನಿಮ್ಮಣ್ಣನಿಗೆ ಹೇಳು, ಚಹಾ ನಾನೇ ಮಾಡ್ಕೋತೀನಿ." "ಅತ್ತಿಗೆಗೆ ಹೇಳು, ಸಕ್ಕರೆ ಖಾಲಿ." ಅವಳಿಗೆ ತಲೆ ಚಿಟ್ಟು ಹಿಡಿದಿದೆ.

ಆಟ ನಾನೇ ಹಾಕಿಕೊಳ್ಳುತ್ತೇನೆ. ಅಸಲಿ ವೇಗ. ಸೋಲು. ಆದರೆ ಮಾರ್ಚ್ ೧೪ರ ಸೋಲಲ್ಲ ಇದು. ಪೆಟ್ಟಿಗೆ ಹಡಗಿನ ಅಂಚಿಗೆ ಬಡಿದು ಬೀಳುತ್ತಿದೆ, ಅಂದರೆ ಅಲ್ಲಿಯವರೆಗೆ ಹೋಗುತ್ತಿದೆ. ನಿಧಾನದಲ್ಲಿ ಕಲಿತದ್ದೂ ಪೂರ್ತಿ ನೀರು ಪಾಲಾಗಿಲ್ಲ. ಇದನ್ನು ಇವರಿಗೆ ಮಾತ್ರ ಹೇಳುವುದಿಲ್ಲ.

ಏಪ್ರಿಲ್ ೧೫

ನಾದಿನಿ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲೇ ನಿಂತು ಕೇಳಿದಳು, "ಅತ್ತಿಗೆ, ನಿಜ ಹೇಳಿ, ಆಗುತ್ತಾ?"

"ಗೊತ್ತಿಲ್ಲ."

"ಆಗ್ದೇ ಇದ್ರೆ?"

"ಆಗ್ಲಿಲ್ಲ ಅಂತಾದ್ರೂ ಸರಿಯಾಗಿ ಗೊತ್ತಾಗುತ್ತೆ."

ಮೂರು ಪೆಟ್ಟಿಗೆ ಕೂತವು ಇವತ್ತು. ಇವರ ಕೈ ಸೋಂಕಿಲ್ಲದ ಮೂರು ಪೆಟ್ಟಿಗೆ. ನಿಧಾನದ ಆ ಗುಂಡಿಯ ಮೇಲೆ ಟೇಪ್ ಅಂಟಿಸಿದೆ. ನನಗೇ ಆಸೆಯಾಗಬಾರದಲ್ಲ.

ಏಪ್ರಿಲ್ ೧೯

ಅರ್ಧಕ್ಕಿಂತ ಹೆಚ್ಚು ಹಡಗು. ಜೋರಿನ ಗುಂಡಿ ಒಂದು ಸಲ ಒತ್ತಿದೆ, ಬೇಕೆಂದೇ. ಸೋತೆ. ಮತ್ತೆ ಒತ್ತಿದೆ, ಮತ್ತೆ ಸೋತೆ. ಆಮೇಲೆ ಆಟ ಹೊಸದಾಗಿ ಹಾಕಿ ಅಸಲಿ ವೇಗಕ್ಕೆ ಬಂದರೆ ಕೊಕ್ಕೆ ಹೇಳಿದ ಮಾತು ಕೇಳುವ ಹಾಗಾಗಿತ್ತು.

ಇವರು ಹಿಂದೆ ನಿಂತು ನೋಡುತ್ತಿದ್ದರು. ಪೆಟ್ಟಿಗೆ ಬಿದ್ದಾಗ ಒಂದು ಹೆಜ್ಜೆ ಮುಂದೆ ಬಂದರು. ಕುರ್ಚಿ ಎಳೆದುಕೊಂಡು ಕೂತರು. ಕೊನೆಗೆ "ಬಲಕ್ಕೆ ತೂಗುವಾಗ ನೀನು ತಡ ಮಾಡ್ತೀಯ" ಎಂದರು. ಹೌದು, ತಡ ಮಾಡುತ್ತೇನೆ. ಸರಿಯಾಗಿಯೇ ನೋಡಿದ್ದಾರೆ. ಅಷ್ಟು ದಿನದ ಮೇಲೆ ನೇರವಾಗಿ ನನಗೇ ಹೇಳಿದ ಮೊದಲ ಮಾತು, ಅದೂ ತಪ್ಪು ತೋರಿಸಿದ್ದು. ಪ್ರೀತಿ ಉಕ್ಕಿ ಬಂತು ನನಗೆ. ತೋರಿಸಿಕೊಳ್ಳಲಿಲ್ಲ. ಚಹಾ ಮಾತ್ರ ಇಬ್ಬರಿಗೂ ಮಾಡಿದೆ.

ಏಪ್ರಿಲ್ ೨೨, ಯಾರ್ಡ್, ಹತ್ತು ಗಂಟೆ

ಕಾಯುವ ಕೋಣೆ. ತಗಡಿನ ಬೆಂಚು. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು, ಮನೆಗೆ ಬಂದ ಹಾಗಾಯಿತು. ಇವರಿಗೆ ಬರಬೇಡಿ ಎಂದಿದ್ದೆ. ಅಂಗಡಿಗೆ ಹೋಗಿದ್ದಾರೆ. ಹೋದದ್ದಕ್ಕೆ ಅವರಿಗೆ ಎಷ್ಟು ಕಷ್ಟವಾಗಿರಬಹುದೆಂದು ಗೊತ್ತು.

ಸರ್ಟಿಫಿಕೇಟ್ ಕೊಟ್ಟಾಯಿತು. ಕ್ಯಾಬಿನ್ನಿನಲ್ಲಿ ಪಕ್ಕಕ್ಕೆ ತರಬೇತುದಾರ ಕೂರುತ್ತಾನೆ, ನಿಲ್ಲಿಸುವ ಗುಂಡಿ ಅವನ ಕೈಯಲ್ಲಿ. ಅದು ನಿಯಮ, ಎಲ್ಲರಿಗೂ.

೧೦:೩೦

ಮ್ಯಾನೇಜರ್ ಬಂದು ಪಕ್ಕದಲ್ಲಿ ಕೂತರು. ದನಿ ಇಳಿಸಿದರು.

"ನೋಡಮ್ಮ, ಕ್ರೇನಿಗೂ ಹೊಸ ಸಿಸ್ಟಮ್ ಬಂದಿದೆ. ತೂಗಾಟ ಅದೇ ತಡೆಯುತ್ತೆ, ನೀವು ಲಿವರ್ ಹಿಡ್ಕೊಂಡ್ರೆ ಸಾಕು. ಪರೀಕ್ಷೇಲಿ ಅದನ್ನ ಆಫ್ ಮಾಡ್ಬೇಕು ಅಂತ ರೂಲ್. ನಿಮಗೆ ಆನ್ ಇಟ್ಟಿರೋಕೆ ಹೇಳಿದೀನಿ. ಯಾರಿಗೂ ಗೊತ್ತಾಗಲ್ಲ."

ನಮ್ಮನೆಯವರೂ ಅವತ್ತು ಬಾಗಿಲಲ್ಲಿ ನಿಂತಿದ್ದರು, ಇದೇ ಮುಖ ಮಾಡಿಕೊಂಡು. ಲೋಕದಲ್ಲಿ ಒಳ್ಳೆಯವರಿಗೇನೂ ಬರವಿಲ್ಲ.

"ಆಫ್ ಮಾಡ್ಸಿ" ಎಂದೆ.

"ಹಠ ಬೇಡಮ್ಮ. ಫೇಲ್ ಆದ್ರೆ ನನ್ನ ಕೈಲಿ ಏನೂ ಇಲ್ಲ."

"ಒಂದು ದಿನ ಆ ಸಿಸ್ಟಮ್ ಕೆಡುತ್ತೆ ಸಾರ್. ಕೆಳಗೆ ಜನ ನಿಂತಿರ್ತಾರೆ. ಅವತ್ತು ನೀವು ಬಂದು ಪೆಟ್ಟಿಗೆ ಹಿಡೀತೀರಾ?"

ಅವರು ನನ್ನ ಬಲಗೈಯನ್ನೇ ನೋಡಿದರು. ಮುಚ್ಚಿಟ್ಟುಕೊಳ್ಳಲಿಲ್ಲ ನಾನು. ಮೊಣಕಾಲ ಮೇಲೆ ಅವರ ಕಣ್ಣೆದುರಿಗೇ ಇಟ್ಟೆ. ಹೊಲಿಗೆ ಗುರುತು ಕಾಣಲಿ.

"ಫೇಲಾದ್ರೆ ಗೇಟಿಗೆ ನಾನೇ ನಡ್ಕೊಂಡು ಹೋಗ್ತೀನಿ. ಕುರ್ಚೀನೂ ನಾನೇ ಒರೆಸ್ಕೋತೀನಿ. ಈಗ ಆಫ್ ಮಾಡ್ಸಿ."

ಎದ್ದು ಹೋದರು. ವಾಕಿಟಾಕಿಯಲ್ಲಿ "ಆಫ್ ಮಾಡ್ರಪ್ಪ" ಎಂದದ್ದು ಕೇಳಿಸಿತು.

೧೦:೪೫

ಕರೆಯುತ್ತಿದ್ದಾರೆ. ಹೆದರಿಕೆ ಇದೆ, ಸುಳ್ಳೇಕೆ. ಆದರೆ ಪೂರ್ತಿ ನನ್ನದೇ ಹೆದರಿಕೆ, ಯಾರೂ ಕಡಿಮೆ ಮಾಡಿ ಕೊಟ್ಟದ್ದಲ್ಲ. ಏಣಿಯ ಗೇಟು ತೆಗೆದರು. ನಾನು ಹೊರಟೆ, ಉಳಿದದ್ದು ಇಳಿದ ಮೇಲೆ ಬರೆಯುತ್ತೇನೆ.