ಎರಡು ಗಂಟೆಯ ಅಲಾರಂ

ಮನೆಯಿಂದ,
ಹನ್ನೊಂದನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ವಾರ್ಡಿನಲ್ಲಿ ನಿನ್ನ ಕೈಕೆಳಗಿನ ನರ್ಸುಗಳಿಗೆಲ್ಲ 'ಕೂತ್ಕೊಂಡು ಊಟ ಮಾಡ್ರೇ' ಎಂದು ಗದರುತ್ತೀಯ, ನೀನು ಮಾತ್ರ ನಿಂತಲ್ಲೇ ಎರಡು ತುತ್ತು ನುಂಗಿ ಓಡುತ್ತೀಯ, ನನಗೆ ಗೊತ್ತಿಲ್ಲವೇ. ಭಾವನ ಸಕ್ಕರೆ ಹತೋಟಿಯಲ್ಲಿದೆಯೇ? ಮಗಳ ಪರೀಕ್ಷೆ ಮುಗಿದಿರಬೇಕು, ಅವಳಿಗೆ ಚಿಕ್ಕಮ್ಮ ಕೇಳಿದಳು ಎಂದು ಹೇಳು. ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೊಂಡು ಮುಂದೆ ಓದು.

ದಿನಕ್ಕೆ ಆರು ಸಲ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಎಂದು ನಿನ್ನ ಎದೆ ಧಸಕ್ಕೆಂದಿರಬಹುದು. ಗಾಬರಿ ಬೇಡ. ಅಮ್ಮ ಇಲ್ಲೇ, ನನ್ನ ಬೆನ್ನ ಹಿಂದೆ, ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದಾಳೆ. ಕಾಗದ ಬರೆಯುವುದಕ್ಕೆ ಅದೇ ಕಾರಣ. ಒಂದೂವರೆ ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಅಮ್ಮನ ಕಿವಿಗೆ ಬೀಳುತ್ತದೆ. ಕೈ ಸ್ವಾಧೀನ ತಪ್ಪಿತು, ನಡಿಗೆ ಕೆಟ್ಟಿತು, ದನಿ ಕುಗ್ಗಿತು, ಕಿವಿ ಮಾತ್ರ ಇನ್ನೂ ಇಪ್ಪತ್ತರ ಹರೆಯದ್ದು. ಬಚ್ಚಲಿಗೆ ಹೋಗಿ ಪಿಸುಗುಟ್ಟಿದರೂ ಕೇಳಿಸುತ್ತದೆ. ಹಾಗಾಗಿ ಕಾಲರಿನ ಅಳತೆ ಬರೆದುಕೊಳ್ಳುತ್ತಿದ್ದೇನೆ ಎಂದು ಸುಳ್ಳು ಹೇಳಿ, ಹೊಲಿಗೆ ಮೆಷಿನ್ನಿನ ಮೇಲೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯೂನಿಫಾರ್ಮ್ ಅಂಗಡಿಯವರು ಹನ್ನೆರಡಕ್ಕೆ ಹೊಲಿದ ಬಟ್ಟೆ ಒಯ್ಯಲು ಬರುತ್ತಾರೆ, ಅವರ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ. ಅಷ್ಟರೊಳಗೆ ಮುಗಿಸಬೇಕು.

ಅಮ್ಮನ ಕಾಯಿಲೆಯ ವಿಷಯ ನಿನಗೆ ಹೇಳಲು ನಾನ್ಯಾರು, ನೀನು ದಿನಾ ಅಂಥವರನ್ನು ನೋಡುವವಳು. ಆದರೂ ಹೇಳುತ್ತೇನೆ, ಹೊಟ್ಟೆಗೆ ಹಾಕಿಕೋ. ಆರು, ಹತ್ತು, ಎರಡು, ಆರು, ಮತ್ತೆ ಮಲಗುವಾಗ ಒಂದು. ಮಾತ್ರೆ ಸರಿಯಾದ ಹೊತ್ತಿಗೆ ಹೊಟ್ಟೆಗೆ ಬಿದ್ದರೆ ಅಮ್ಮ ಅಮ್ಮನ ಹಾಗೇ ಇರುತ್ತಾಳೆ, ಗೋಡೆ ಹಿಡಿದು ಓಡಾಡುತ್ತಾಳೆ, ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾಳೆ. ಹತ್ತು ಹದಿನೈದು ನಿಮಿಷ ತಡವಾದರೂ ಇದ್ದಲ್ಲೇ ಬಿಗಿದುಹೋಗುತ್ತಾಳೆ. ಕಾಲು ಕೀಳಲಾಗುವುದಿಲ್ಲ, ಬೆರಳು ಬಿಡಿಸಲಾಗುವುದಿಲ್ಲ, ದನಿ ಹೊರಡುವುದಿಲ್ಲ. ಒಳಗೆ ಮಾತ್ರ ಎಲ್ಲ ಗೊತ್ತಾಗುತ್ತಿರುತ್ತದೆ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು, 'ಚಿಲ್ಲರೆ ಕೊಡ್ರೀ' ಎಂದರೆ ಮೂರನೇ ಬಸ್ಸಿನ ಡ್ರೈವರೂ ಜೇಬು ತಡವಿಕೊಳ್ಳುವ ಹಾಗೆ ಕೂಗುತ್ತಿದ್ದ ಅಮ್ಮ ಇವಳೇ ಎಂದು ಹೇಳಿದರೆ ಈಗ ಯಾರೂ ನಂಬುವುದಿಲ್ಲ.

ಅಮ್ಮ ಈ ಮನೆಗೆ ಒಂದು ಕಾನೂನು ಮಾಡಿದ್ದಾಳೆ, ಅದು ನಿನಗೆ ಗೊತ್ತಿಲ್ಲ. ಅಲಾರಂ ಹೊಡೆಯುವ ತನಕ ಕಾಯಿಲೆಯ ಸುದ್ದಿ ಎತ್ತಕೂಡದು. ಹೊತ್ತಾಯಿತೇ ಎಂದು ನಾನು ಕೇಳಕೂಡದು, ಮಾತ್ರೆ ಕೊಡು ಎಂದು ಅವಳು ಕೇಳುವುದಿಲ್ಲ. ಅಲಾರಂ ಹೊಡೆದರೆ ನಾನು ಎದ್ದು ಹೋಗಿ ಮಾತ್ರೆ, ನೀರು ಕೊಡಬೇಕು, ಅವಳು ನುಂಗಬೇಕು, ಮತ್ತೆ ನಾವು ಅಮ್ಮ ಮಗಳು. 'ಇಡೀ ದಿನ ರೋಗಿಯಾಗಿರೋಕೆ ನನ್ನ ಕೈಲಾಗಲ್ಲ ಕಣೇ, ದಿನಕ್ಕೆ ಐದು ನಿಮಿಷ ಆಗ್ತೀನಿ' ಎಂದಳು. ಕಿಟಕಿ ತೆರೆಯುವ ಹೊತ್ತಿಗಿಂತ ಮುಂಚೆ ಯಾರಿಗೂ ಟಿಕೆಟ್ ಕೊಟ್ಟವಳಲ್ಲ, ಅದೇ ಜಾಯಮಾನ. ನನಗೂ ಅದು ಹಿತವಾಗಿತ್ತು. ನೆನಪಿಡುವ ಕೆಲಸ ಫೋನಿನದು, ಏಳುವ ಕೆಲಸ ನನ್ನದು. ಆದರೆ ಹಿತವೆಂದರೂ ಹಗ್ಗ ಹಗ್ಗವೇ ಅಕ್ಕಾ. ನಾಲ್ಕು ಗಂಟೆ ಉದ್ದದ ಹಗ್ಗ. ಎರಡು ವರ್ಷದಿಂದ ನಾನು ನಾಲ್ಕು ಗಂಟೆಗಿಂತ ದೂರ ಹೋಗಿಲ್ಲ. ಗೆಳತಿಯ ಮಗುವನ್ನು ನೋಡಲು ಹೋಗಿಲ್ಲ, ಮಗು ಈಗ ನಡೆಯುತ್ತಿದೆಯಂತೆ. ಬಾಗಿಲು ತೆರೆದೇ ಇದೆ, ಯಾರೂ ಹಿಡಿದು ಕೂರಿಸಿಲ್ಲ, ಆದರೂ ಹೊಸಿಲು ದಾಟುವಾಗ ಕಣ್ಣು ತಾನಾಗಿ ಫೋನಿನ ಗಂಟೆ ನೋಡುತ್ತದೆ.

ಇನ್ನು ನೀನು ಕಳಿಸಿದ ಫೋನಿನ ಕಥೆ. ಒಳ್ಳೆಯ ಫೋನು, ನಿನ್ನ ಮನಸ್ಸೂ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ರಿಂಗು ಅಮ್ಮನಿಗೆ ಆಗಿಬರಲಿಲ್ಲ. ಹಳೆಯ ಫೋನು ಪಾಪ ಮುಲುಗುತ್ತಿತ್ತು, ಇದು ಬೆಂಕಿ ಬಿದ್ದವರ ಹಾಗೆ ಕೂಗುತ್ತದೆ. ಅಮ್ಮ ಲೋಟ ಹಿಡಿದಿದ್ದಾಗ ನಿನ್ನ ಫೋನು ಬಂದರೆ ಅರ್ಧ ಚಹಾ ಸೀರೆಯ ಮೇಲೆ. ನೀನೂ ಕಡಿಮೆಯವಳಲ್ಲ ಬಿಡು. ಒಂಬತ್ತೂವರೆಗೆ ಒಂದು, ಹತ್ತೂಕಾಲಿಗೆ ಒಂದು, ಒಂದೂವರೆಗೆ ಒಂದು. ಎತ್ತಿದ ಕೂಡಲೇ 'ಮಾತ್ರೆ ಕೊಟ್ಯಾ? ನೀರು ಎಷ್ಟು ಕುಡಿದ್ರು? ಕಾಲು ಊತ ಇದ್ಯಾ?' ನಾನು ಹೇಗಿದ್ದೇನೆ ಎಂದು ಕೇಳುವ ಹೊತ್ತಿಗೆ ನಿನ್ನನ್ನು ಯಾರೋ 'ಸಿಸ್ಟರ್' ಎಂದು ಕರೆಯುತ್ತಾರೆ, ನೀನು ಓಡುತ್ತೀಯ. ದೂರದ ಬೆಟ್ಟ ನುಣ್ಣಗೆ, ಅಲ್ಲಿಂದ ಹೇಳುವುದು ಬಹಳ ಸುಲಭ. ಕೋಪ ಮಾಡಿಕೋ, ಪರವಾಗಿಲ್ಲ. ಫೋನಿನಲ್ಲಿ ಇದನ್ನು ಒಮ್ಮೆಯೂ ಹೇಳಲಾಗಲಿಲ್ಲ.

ಹೋದ ಗುರುವಾರ ಒಂದೂವರೆಗೆ ನೀನು ಮಾಡಿದ ಫೋನಿಗೆ ಅಮ್ಮನ ಮೇಲೆ ಸಾರು ಚೆಲ್ಲಿತು. ನನಗೆ ಎಲ್ಲಿತ್ತೋ ಸಿಟ್ಟು. ನಿನ್ನ ಜೊತೆ ಮಾತು ಮುಗಿಸಿದವಳೇ ಫೋನಿನ ಪಕ್ಕದ ಗುಂಡಿಯನ್ನು ಒತ್ತಿ ಒತ್ತಿ ಸದ್ದನ್ನು ತಳಕ್ಕೆ ಇಳಿಸಿ, ಮೆಷಿನ್ನಿನ ಪಕ್ಕ ಮಡಚಿಟ್ಟ ಪ್ಯಾಂಟುಗಳ ರಾಶಿಯ ಮೇಲೆ ಎಸೆದೆ. ಇನ್ನು ಯಾರು ಬೇಕಾದರೂ ಕರೆಯಲಿ, ಅಲಾರಂ ಹೇಗೂ ಬೇರೆ ಎಂದುಕೊಂಡಿದ್ದೆ. ಹಳೆಯ ಫೋನಿನಲ್ಲಿ ಬೇರೆ ಇತ್ತು. ಇದರಲ್ಲಿ ರಿಂಗನ್ನೂ ಅಲಾರಮ್ಮನ್ನೂ ಒಂದೇ ಗುಂಡಿಗೆ ಕಟ್ಟಿದ್ದರು, ಒಂದನ್ನು ಇಳಿಸಿದರೆ ಇನ್ನೊಂದೂ ಇಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎರಡು ಗಂಟೆಗೆ ಅಲಾರಂ ಹೊಡೆದಿರಬೇಕು, ಸೊಳ್ಳೆಯಷ್ಟು ಸದ್ದಿನಲ್ಲಿ. ಬಟ್ಟೆಯ ಮೇಲಿದ್ದದ್ದರಿಂದ ನಡುಗಿದ್ದೂ ತಿಳಿಯಲಿಲ್ಲ.

ಆ ಮಧ್ಯಾಹ್ನವನ್ನು ಹೇಗೆ ಹೇಳಲಿ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅಷ್ಟು ಸುಖವಾದ ಮಧ್ಯಾಹ್ನ ನನಗೆ ಎರಡು ವರ್ಷದಲ್ಲಿ ಬಂದಿರಲಿಲ್ಲ. ಯಾರೂ ಕರೆಯಲಿಲ್ಲ. ಯಾವುದೂ ಹೊಡೆಯಲಿಲ್ಲ. ದಾರ ಒಮ್ಮೆಯೂ ತುಂಡಾಗಲಿಲ್ಲ. ಒಂದಾದ ಮೇಲೊಂದು ಕಾಲರು ಬೆಣ್ಣೆಯ ಹಾಗೆ ಕೂತವು. ನಾನು ಹಾಡಿಕೊಳ್ಳುತ್ತಿದ್ದೆ ಅಕ್ಕಾ, ನಾನು! ಪಲ್ಲವಿ ಬಿಟ್ಟರೆ ಮುಂದೆ ಬಾರದ ಹಳೇ ಹಾಡು, ಅದನ್ನೇ ತಿರುಗಿಸಿ ತಿರುಗಿಸಿ, ಮೆಷಿನ್ನಿನ ಸದ್ದಿಗಿಂತ ಜೋರಾಗಿ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಾಲಿಗೆ ತಣ್ಣಗೆ ನೀರು ತಗುಲಿದಾಗಲೇ ಎಚ್ಚರ. ನೋಡಿದರೆ ಅಡುಗೆಮನೆಯಿಂದ ನೀರು ನೆಲದ ಮೇಲೆ ಹರಿದು ಬಂದು ಪೆಡಲಿನವರೆಗೆ ನಿಂತಿದೆ.

ಅಮ್ಮ ಸಿಂಕಿನ ಹತ್ತಿರ ನಿಂತಿದ್ದಳು. ನೀರು ಹಿಡಿಯಲು ಹೋದವಳು, ನಲ್ಲಿ ತಿರುಗಿಸಿ, ಬಾಗಿಲ ಕಡೆಗೆ ತಿರುಗುವಷ್ಟರಲ್ಲಿ ಬಿಗಿದುಹೋಗಿದ್ದಳು. ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಕಟ್ಟೆಯ ಅಂಚಿನಲ್ಲಿ. ಸಿಂಕಿನ ತೂತಿಗೆ ತಟ್ಟೆ ಅಡ್ಡ ಕೂತು ನೀರು ತುಂಬಿ ಚೆಲ್ಲಿ, ಸೀರೆ ಮೊಣಕಾಲಿನವರೆಗೆ ಒದ್ದೆ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಗಂಟೆ ಮೂರೂವರೆ ದಾಟಿತ್ತು. ನನ್ನ ಕುರ್ಚಿಗೂ ಅವಳಿಗೂ ಎಂಟು ಹೆಜ್ಜೆ, ನಡುವೆ ತೆರೆದ ಬಾಗಿಲು. ಒಂದೊಂದೇ ಬೆರಳು ಬಿಡಿಸಿ, ತಬ್ಬಿ ಹಿಡಿದು, ಚೀಲ ಎಳೆದ ಹಾಗೆ ಎಳೆದು ತಂದು ಕೂರಿಸಿದೆ. ಮಾತ್ರೆ ಚಮಚದಲ್ಲಿ ಕರಗಿಸಿ ಹನಿಹನಿಯಾಗಿ ಕುಡಿಸಿದೆ. ಮೈ ಸಡಿಲವಾಗುವ ಹೊತ್ತಿಗೆ ಗಂಟೆ ಐದಾಗಿತ್ತು. ಮೊದಲು ತುಟಿ ಅಲ್ಲಾಡಿತು. ಕಿವಿಯನ್ನು ಬಾಯಿಯ ಹತ್ತಿರ ಒಯ್ದೆ. 'ಕೂಗ್ದೆ ಕಣೇ. ನನಗೇ ಕೇಳಿಸ್ಲಿಲ್ಲ' ಎಂದಳು. ಆಮೇಲೆ, 'ಚೆನ್ನಾಗಿ ಹಾಡ್ತಿದ್ದೆ' ಎಂದಳು. ಅದರಲ್ಲಿ ಕೊಂಕು ಇರಲಿಲ್ಲ, ಅದಕ್ಕೇ ನನಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ದಿನ ಸಂಜೆ, ಮಧ್ಯಾಹ್ನ ಯಾಕೆ ಫೋನು ಎತ್ತಲಿಲ್ಲ ಎಂದು ನೀನು ಕೇಳಿದಾಗ 'ಫೋನು ಚಾರ್ಜಿಗೆ ಹಾಕಿದ್ದೆ' ಎಂದೆನಲ್ಲ, ಅದು ಸುಳ್ಳು. ಅಮ್ಮ ಪಕ್ಕದಲ್ಲೇ ಕೂತು ತಲೆಯಾಡಿಸಿ ಆ ಸುಳ್ಳಿಗೆ ಒತ್ತಾಸೆಯಾದಳು. ಈ ವಯಸ್ಸಿನಲ್ಲಿ ಅವಳ ಕೈಯಲ್ಲಿ ಸುಳ್ಳು ಹೇಳಿಸಿದೆ.

ಮರುದಿನ ಹತ್ತರ ಮಾತ್ರೆ ಕೊಟ್ಟು ಮೊಬೈಲ್ ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿ ಒಬ್ಬ ಹೆಂಗಸಿದ್ದಾಳೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನು ಬಿಚ್ಚುತ್ತಾಳೆ, ಬೀದಿಯವರೆಲ್ಲ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಫೋನು ಕೆಟ್ಟಿದೆ, ಅಲಾರಂ ಹೊಡೆಯುತ್ತಿಲ್ಲ ಎಂದು ಕಂಪ್ಲೇಂಟು ಹೇಳಿದೆ. ಅವಳು ಅದನ್ನು ತಿರುವಿ ನೋಡಿ, 'ಫೋನ್ ಗುಂಡುಕಲ್ಲಿನ ಹಾಗಿದೆ ರೀ, ಗುಂಡಿ ಒತ್ತಿದ್ದು ಯಾರು?' ಎಂದಳು. ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಸೆಟ್ಟಿಂಗಿನೊಳಗೆ ಹೋಗಿ, ಸದ್ದಿನ ಪುಟ ತೆಗೆದು, ಪಕ್ಕದ ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಏರಿಳಿಯುವ ಏರ್ಪಾಡನ್ನು ಆಫ್ ಮಾಡಿಕೊಟ್ಟಳು. ರಿಂಗಿಗೆ ಒಂದು ಗೆರೆ, ಅಲಾರಮ್ಮಿಗೆ ಬೇರೆ ಗೆರೆ. ಅಲಾರಮ್ಮಿನದನ್ನು ಕೊನೆಯವರೆಗೆ ಎಳೆದಳು, ರಿಂಗಿನದನ್ನು ಅರ್ಧಕ್ಕೆ ನಿಲ್ಲಿಸಿದಳು. 'ಇನ್ಮೇಲೆ ಇದನ್ನ ಎಷ್ಟು ಒತ್ತಿದ್ರೂ ಅಲಾರಂ ಜಗ್ಗಲ್ಲ' ಎಂದಳು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಗೊತ್ತಿಲ್ಲದೆ ಅಮ್ಮ ಒಂದು ಗಂಟೆಗೂ ಮೇಲೆ ನೀರಿನಲ್ಲಿ ನಿಂತಳು.

ಈಗ ಅಲಾರಂ ಸರಿಯಾಗಿ ಹೊಡೆಯುತ್ತಿದೆ. ನಾನೇ ಸರಿಯಿಲ್ಲ. ಕುಕ್ಕರ್ ಕೂಗಿದರೆ ಏಳುತ್ತೇನೆ, ಹೊರಗೆ ಯಾರೋ ಸೈಕಲ್ ಬೆಲ್ ಮಾಡಿದರೆ ಏಳುತ್ತೇನೆ. ಸ್ನಾನಕ್ಕೆ ಹೋಗುವಾಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೊಳೆಗೆ ನೇತುಹಾಕುತ್ತೇನೆ. ಎರಡು ಗಂಟೆ ಹತ್ತಿರವಾದರೆ ಹೊಲಿಗೆ ಸೊಟ್ಟ ಹೋಗುತ್ತದೆ, ನಿನ್ನೆ ಎರಡು ಕಾಲರು ಬಿಚ್ಚಿ ಮತ್ತೆ ಹೊಲಿದೆ. ಹಾಡುವುದಂತೂ ದೂರ ಉಳಿಯಿತು. ಅಮ್ಮ ತನ್ನ ಮೈಯೊಳಗೆ ಸಿಕ್ಕಿಬಿದ್ದಿದ್ದಾಳೆ, ನಾನು ಅವಳ ಗಂಟೆಯೊಳಗೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವಳ ಮೇಲೆ ನನಗೆ ಪ್ರೀತಿ ಕಡಿಮೆಯಾಗಿದೆ ಎಂದು ಮಾತ್ರ ತಿಳಿಯಬೇಡ. ಅದು ಕಡಿಮೆಯಾಗಿದ್ದರೆ ಬದುಕು ಸುಲಭವಿರುತ್ತಿತ್ತು.

ಹೋದ ವರ್ಷ ನೀನು ಹದಿನೈದು ದಿನ ಬರುತ್ತೇನೆ ಎಂದೆ, ಆಸ್ಪತ್ರೆಯಲ್ಲಿ ಜನ ಕಡಿಮೆಯಾಯಿತು. ಬೇಸಿಗೆಗೆ ಎಂದೆ, ಮಗಳ ಪರೀಕ್ಷೆ ಬಂತು. ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಈ ಸಲ ರಜೆ ಸಿಕ್ಕಿದರೆ ಬಂದು ಹೋಗು. ಅಮ್ಮನೂ ನಿನ್ನನ್ನು ಕನವರಿಸುತ್ತಾಳೆ. ಭಾವನಿಗೆ ನಮಸ್ಕಾರ, ಮಗಳಿಗೆ ಮುತ್ತು. ಅಮ್ಮನ ಆಶೀರ್ವಾದ ಕೇಳಿ ಬರೆಯೋಣವೆಂದರೆ ಕಾಗದದ ಗುಟ್ಟು ರಟ್ಟಾಗುತ್ತದೆ, ಅವಳ ಪರವಾಗಿ ನಾನೇ ಹರಸಿದ್ದೇನೆ. ಸೊಂಟ ಜೋಪಾನ.

ಇಂತಿ ನಿನ್ನ ತಂಗಿ,
ಪಿಟೀಲು
(ಹುಟ್ಟಿದಾಗಿನಿಂದ ಕುಯ್ಯೋ ಎನ್ನುತ್ತೇನೆ ಎಂದು ನೀನೇ ಇಟ್ಟ ಹೆಸರು)

ತಾ.ಕ.: ಬಟ್ಟೆ ಒಯ್ಯುವವರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಅಮ್ಮ ಅವರನ್ನು ಮಾತಾಡಿಸುತ್ತಿದ್ದಾಳೆ. ಬೇಗ ಬರೆಯುತ್ತೇನೆ. ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ಮೆಷಿನ್ನಿನ ಎದುರಿಗೇ ಗೋಡೆ ಗಡಿಯಾರವಿದೆ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ತಲೆ ಎತ್ತಿ ನೋಡಿದ್ದೆ. ಮಾತ್ರೆಯ ಹೊತ್ತು ದಾಟಿದೆ ಎಂದು ಗೊತ್ತಾಯಿತು. ಅಲಾರಂ ಹೊಡೆದಿಲ್ಲವಲ್ಲ, ಹೊಡೆದರೆ ಎದ್ದರಾಯಿತು ಎಂದುಕೊಂಡು ಮತ್ತೆ ಪೆಡಲ್ ಒತ್ತಿದೆ. ಡಾಕ್ಟ್ರಮ್ಮನಿಗೆ ಹೇಳಲಿಲ್ಲ, ನಿನಗೂ ಹೇಳಬಾರದೆಂದಿದ್ದೆ. ಆದರೆ ನಿನ್ನೆ ತಲೆ ಬಾಚುತ್ತಿದ್ದಾಗ ಅಮ್ಮ ತನ್ನಷ್ಟಕ್ಕೇ, 'ಅವತ್ತು ನೀನು ತಲೆ ಎತ್ತಿ ಗಡಿಯಾರ ನೋಡ್ದಾಗ, ಇನ್ನೇನು ಬರ್ತೀಯಾ ಅಂದ್ಕೊಂಡೆ' ಎಂದಳು. ಅಷ್ಟೇ. ಆಮೇಲೆ ಜಡೆ ಬಿಗಿಯಾಯಿತು, ಸಡಿಲ ಮಾಡು ಎಂದಳು. ಅಕ್ಕಾ, ರಜೆ ಸಿಕ್ಕಿದರೆ ಎಂದದ್ದನ್ನು ಹೊಡೆದುಹಾಕು. ಅಲಾರಂ ಕೇಳಿಸಿದರೂ ಕೇಳಿಸದವಳ ಹಾಗೆ ನಾನು ಕೂತುಬಿಡುವ ದಿನ ದೂರವಿಲ್ಲ. ಅಮ್ಮನನ್ನು ನನ್ನೊಬ್ಬಳ ಕೈಯಲ್ಲಿ ಬಿಡಬೇಡ. ಈ ವಾರವೇ ಬಾ.