ಕುರ್ಚಿ ಇಟ್ಟ ಜಾಗ

ಪ್ಲೆಸೆಂಟನ್
8 ಫೆಬ್ರವರಿ 2026, ಭಾನುವಾರ

ಮಗಳೇ ಮಾಧುರಿ,

ನಿನ್ನ ಅಪ್ಪನ ತುಂಬು ಆಶೀರ್ವಾದ. ಇಲ್ಲಿ ನಾವಿಬ್ಬರೂ ಆರಾಮಾಗಿದ್ದೇವೆ. ನಿನ್ನ ಅವ್ವನ ಮೊಣಕಾಲು ಸುಧಾರಿಸಿದೆ, ನಾಲಿಗೆ ಮೊದಲಿನಂತೆಯೇ ಇದೆ. ನೀನು ಶಿಕಾಗೋದಿಂದ ಫೋಟೋ ಕಳಿಸಿ ಹನ್ನೊಂದು ದಿನವಾಯಿತು. ನಡುವೆ ಮೂರು ಸಲ "ಅಪ್ಪಾ, ನೋಡಿದ್ಯಾ?" ಎಂದು ಕೇಳಿದ್ದೀಯ. ನೋಡಿದ್ದೆ. ತಡಮಾಡಿದ್ದು ತಪ್ಪಾಯಿತು. ಅಂಗಡಿಯಲ್ಲಿ ಕೆಲಸವಿತ್ತು ಎನ್ನಬಹುದು, ಆದರೆ ನನ್ನ ಅಂಗಡಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆಂದು ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಹೇಳಿದರೆ ನೀನು "ಅಪ್ಪಾ, ಚಿಲ್" ಎಂದು ಇಟ್ಟುಬಿಡುತ್ತೀಯ. ಅದಕ್ಕೆ ಕಾಗದ. ಶನಿವಾರದ ಕನ್ನಡ ಶಾಲೆಗೆ ಆರು ವರ್ಷ ನಿನ್ನನ್ನು ಅಳಿಸಿ ಎಳೆದುಕೊಂಡು ಹೋದದ್ದು ಇದೊಂದನ್ನು ಓದುವುದಕ್ಕಾದರೂ ಉಪಯೋಗವಾಗಲಿ.

ಆ ಫೋಟೋದಲ್ಲಿ ಒಂದು ಕಾರಿದೆ. ಅದರ ಮೇಲೆ ನೀರು ಸುರಿದು ಗಾಜಿನಂತೆ ಹೆಪ್ಪುಗಟ್ಟಿಸಿದ್ದೀರಿ. ಪಕ್ಕದ ಕನ್ನಡಿ ಮುರಿದು ವೈರಿನಲ್ಲಿ ನೇತಾಡುತ್ತಿದೆ. ನೀನು ಸಲಿಕೆಯನ್ನು ತಲೆಯ ಮೇಲೆ ಎತ್ತಿ ನಗುತ್ತಿದ್ದೀಯ, ಹಿಂದೆ ನಿಮ್ಮ ಬೀದಿಯ ಐದು ಜನ ನಗುತ್ತಿದ್ದಾರೆ. ಜೊತೆಗೆ ನಿನ್ನ ದನಿ: "ಅಪ್ಪಾ, ಅವ್ನು ನನ್ ಚೇರ್ ಎತ್ತಿ ಬಿಸಾಕಿ ಪಾರ್ಕ್ ಮಾಡಿದ್ದ. ನೆಕ್ಸ್ಟ್ ಟೈಮ್ ಯಾರಾದ್ರೂ ಮುಟ್ಲಿ, ಕೈ ಮುರೀತೀನಿ. ದಿಸ್ ಈಸ್ ಮೈ ಬ್ಲಾಕ್!"

ನಿನ್ನ ಖುಷಿ ನನಗೆ ಅರ್ಥವಾಗುತ್ತದೆ. ಇಲ್ಲಿ ಪ್ಲೆಸೆಂಟನ್‌ನಲ್ಲಿ ಪಕ್ಕದ ಮನೆಯವರನ್ನು ನಾನು ಗುರುತಿಸುವುದು ಅವರ ಕಸದ ಡಬ್ಬಿಯಿಂದ. ಗ್ಯಾರೇಜಿನ ಬಾಗಿಲು ಏಳುತ್ತದೆ, ಕಾರನ್ನು ನುಂಗುತ್ತದೆ, ಮುಚ್ಚುತ್ತದೆ. ಹತ್ತು ಚಳಿಗಾಲ ಕಳೆದರೂ ಯಾರೂ ಯಾರಿಗೂ ಬೇಕಾಗಲಿಲ್ಲ. ಅಲ್ಲಿ ಶಿಕಾಗೋದಲ್ಲಿ ಹಾಗಲ್ಲ. ಮೊಣಕಾಲಿನವರೆಗೆ ಹಿಮ ಬಿದ್ದಾಗ ಯಾರು ಬೆನ್ನು ಮುರಿದು ಕಾರಿನಷ್ಟು ಜಾಗ ಬಗೆದು ತೆಗೆಯುತ್ತಾರೋ, ಹಿಮ ಕರಗುವವರೆಗೆ ಆ ಜಾಗ ಅವರದು. ಗುರುತಿಗೆ ಒಂದು ಹಳೆಯ ಕುರ್ಚಿ. ಯಾವ ಕಾನೂನಿನ ಪುಸ್ತಕದಲ್ಲೂ ಇದಿಲ್ಲ, ಬೀದಿಗೆಲ್ಲ ಗೊತ್ತು. ನಾವು ಅಲ್ಲಿದ್ದಾಗ ನನಗೆ ಕಲಿಸಿದವನು ಪಕ್ಕದ ಮನೆಯ ಸ್ಟಾನ್ಲಿ. ನಿನಗೆ ನೆನಪಿರಬೇಕು, ಕೆಂಪು ಮೂಗಿನ ಮುದುಕ. "ಕುರ್ಚಿ ತೆಗೆದವನಿಗೆ ಮೊದಲು ನೀರು, ಆಮೇಲೆ ಕನ್ನಡಿ, ಆಮೇಲೆ ಟೈರು" ಎಂದು ಬೆರಳು ಮಡಚಿ ಹೇಳಿದ್ದ. ಟೈರಿನ ನಂತರ ಏನು ಎಂದು ಕೇಳಿದ್ದಕ್ಕೆ ನನ್ನ ಸಲಿಕೆಯನ್ನು ನೋಡಿ ನಕ್ಕಿದ್ದ.

ಗದಗಿನ ಸೋಮಲಿಂಗಪ್ಪನಾದ ನಾನು ಆ ಬೀದಿಯಲ್ಲಿ ಸ್ಯಾಮ್ ಆಗಲು ಎಂಟು ಚಳಿಗಾಲ ಬೇಕಾದವು. ಮೊದಲ ವರ್ಷ ನನ್ನ ಕುರ್ಚಿಯನ್ನು ನಾಲ್ಕು ಸಲ ಒದ್ದು ಉರುಳಿಸಿದ್ದರು. ಎಂಟನೆಯ ವರ್ಷ ಯಾರೂ ಮುಟ್ಟಲಿಲ್ಲ. ಆ ಕುರ್ಚಿ ನೋಡಿ ನನಗೆ ಬಂದ ಹೆಮ್ಮೆ ಪೌರತ್ವದ ಕಾಗದ ಕೈಗೆ ಬಂದಾಗಲೂ ಬಂದಿರಲಿಲ್ಲ.

ಈಗ ಗಟ್ಟಿಯಾಗಿ ಕೂತುಕೋ. ಅನಿಕೇತ ಮಾಮಾನ ಎಡಗಣ್ಣು ಹೋದದ್ದು, ನಾವು ನಿನಗೆ ಹೇಳಿದಂತೆ, ಮಂಜಿನ ಮೇಲೆ ಜಾರಿ ಬಿದ್ದದ್ದರಿಂದ ಅಲ್ಲ. ಅದನ್ನು ತೆಗೆದವನು ನಾನು.

2011ರ ಫೆಬ್ರವರಿ. ನಿನಗೆ ಒಂಬತ್ತು ವರ್ಷ. ಎರಡು ದಿನ ಹಿಮ ಸುರಿದು ನಿಂತಿತ್ತು. ಮೂರು ಗಂಟೆ ಅಗೆದೆ, ಅಂಗೈಯಲ್ಲಿ ಐದು ಬೊಕ್ಕೆ ಎದ್ದು ಎರಡು ಒಡೆದಿದ್ದವು. ಕುರ್ಚಿ ಇಟ್ಟು ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದರೆ ನನ್ನ ಜಾಗದಲ್ಲಿ ಯಾರದೋ ನೀಲಿ ಕಾರು. ಕುರ್ಚಿ ನಮ್ಮ ಮನೆಯ ಮೆಟ್ಟಿಲ ಮೇಲೆ, ಬಾಗಿಲಿಗೆ ಒರಗಿಸಿ ಇಟ್ಟಿತ್ತು. ನನ್ನ ಬಾಗಿಲಿಗೇ ತಂದಿಟ್ಟು ಅಣಕಿಸಿದ್ದಾನೆ ಎಂದುಕೊಂಡೆ.

ನೀರು ತರುವಷ್ಟು ತಾಳ್ಮೆ ಇರಲಿಲ್ಲ. ಸಲಿಕೆ ಎತ್ತಿ ಕನ್ನಡಿಗೆ ಹೊಡೆದೆ. ಅದು ಹಾರಿ ಹೋಗಿ ಸ್ಟಾನ್ಲಿಯ ಗೇಟಿನ ಮುಂದೆ ಬಿತ್ತು. ಮುಂದಿನ ಗಾಜಿಗೆ ಹೊಡೆದೆ. ಮೊದಲ ಏಟಿಗೆ ಜೇಡರಬಲೆಯಂತೆ ಬಿರಿಯಿತು, ಎರಡನೆಯದಕ್ಕೆ ಒಳಕ್ಕೆ ಕುಸಿಯಿತು. ಸದ್ದಿಗೆ ಬೀದಿಯವರು ಹೊರಗೆ ಬಂದರು. ಏಳು ಜನ. ಇವತ್ತೂ ಹೆಸರು ಹಿಡಿದು ಹೇಳಬಲ್ಲೆ. "ಗಿವ್ ಇಟ್ ಟು ಹಿಮ್, ಸ್ಯಾಮ್!" ಎಂದು ಸ್ಟಾನ್ಲಿ ಕೂಗಿದ. ಮಗಳೇ, ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬದಂತೆ ಅನಿಸಿತು. ದೀಪ ಒಡೆದೆ, ಬಾಗಿಲು ತಗ್ಗು ಬೀಳುವ ಹಾಗೆ ಬಡಿದೆ.

ಆಗ ಮುಖಕ್ಕೆಲ್ಲ ಮಫ್ಲರ್ ಸುತ್ತಿಕೊಂಡ ಒಬ್ಬ ತರುಣ ಓಡಿ ಬಂದ. "ಸರ್, ಸರ್, ಪ್ಲೀಸ್, ಮೈ ಕಾರ್" ಎನ್ನುತ್ತ ಎರಡೂ ಕೈ ಚಾಚಿದ. ನನಗೆ ಕಂಡದ್ದು ನನ್ನ ಮೇಲೆ ಬರುತ್ತಿರುವ ಎರಡು ಕೈ. ಹೊಡೆದೆ. ಒಂದು ಭುಜಕ್ಕೆ, ಒಂದು ಮುಖಕ್ಕೆ. ಸಲಿಕೆಯ ಅಂಚು ಹುಬ್ಬಿನಿಂದ ಕೆನ್ನೆಯವರೆಗೆ ಸೀಳಿತು. ಅವನು ನಾನು ಬಗೆದ ಜಾಗದಲ್ಲೇ ಬಿದ್ದು "ಯವ್ವಾ!" ಎಂದು ಚೀರಿದ. ಮಫ್ಲರ್ ಹಸಿಯಾಗಿ ಕೆಂಪಾಯಿತು, ಬೆರಳ ಸಂದಿಯಿಂದ ರಕ್ತ ಹಿಮದ ಮೇಲೆ ಸುರಿದು ಹಬೆಯಾಡಿತು.

ನಿನ್ನ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನ್ ಮಾಡಿದ್ರಿ! ನಮ್ಮ ಗದಗಿನ ಹುಡುಗ ಅದಾನ್ರೀ! ರೊಟ್ಟಿ ಉಣ್ಣಾಕ ನಾನೇ ಕರದಿದ್ನಲ್ರೀ!" ಬಸವ ಸಮಿತಿಯ ಕಾರ್ಯಕ್ರಮದಲ್ಲಿ ಸಿಕ್ಕವನು. ಅಮೆರಿಕಕ್ಕೆ ಬಂದು ಮೂರು ವಾರವಾಗಿತ್ತು. ನನಗೆ ಹೇಳಲು ಮರೆತಿದ್ದಳು. ಒಳಗೆ ಕೂತು ಚಹಾ ಕುಡಿಯುತ್ತಿದ್ದವನು ಗಾಜಿನ ಸದ್ದಿಗೆ ಮಫ್ಲರ್ ಸುತ್ತಿಕೊಂಡು ಓಡಿ ಬಂದಿದ್ದ.

ಆಸ್ಪತ್ರೆಗೆ ಹೋಗುವಾಗ ನನ್ನ ಪಕ್ಕದಲ್ಲೇ ಟವೆಲ್ ಒತ್ತಿ ಹಿಡಿದು ಕೂತಿದ್ದ. "ಅಣ್ಣಾರ, ಕುರ್ಚಿ ಹಿಮದಾಗ ತೊಯ್ಯಾಕತ್ತಿತ್ರೀ," ಎಂದ. "ಅಕ್ಕಾರು ಮರತು ಹೊರಗ ಬಿಟ್ಟಾರ ಅಂತ ಎತ್ತಿ ಮೆಟ್ಟಿಲ ಮ್ಯಾಲ ಇಟ್ಟೆ. ತಪ್ಪಾತೇನ್ರೀ?"

ತಪ್ಪಾತೇನ್ರೀ ಎಂದು ಅವನು ನನ್ನನ್ನು ಕೇಳಿದ. ಉಂಡು ಹೋಗಲು ಬಂದ ಮನೆಯ ಕುರ್ಚಿ ಹೊರಗೆ ಒದ್ದೆಯಾಗುತ್ತಿದ್ದರೆ ಊರಿನಲ್ಲಿ ಯಾರಾದರೂ ಮಾಡುವುದು ಅದನ್ನೇ. ನಾನೂ ಮಾಡುತ್ತಿದ್ದೆ, ಅದಕ್ಕೂ ಎಂಟು ಚಳಿಗಾಲದ ಹಿಂದೆ.

ಹದಿನೆಂಟು ಹೊಲಿಗೆ ಬಿದ್ದವು. ಕಣ್ಣು ಉಳಿಯಲಿಲ್ಲ. ಡಾಕ್ಟರು ಮೂರು ಸಲ ಕೇಳಿದರು, ಅವನು ಮೂರು ಸಲವೂ "ಜಾರಿ ಬಿದ್ದೆ, ಸಲಿಕೆ ತಾಗಿತು" ಎಂದ. ಪೊಲೀಸರು ಬೀದಿಗೆ ಬಂದಾಗ ಆ ಏಳು ಜನರೂ ಏನೂ ನೋಡಿಲ್ಲ ಎಂದರು. ಮರುದಿನ ಸ್ಟಾನ್ಲಿ ಬಿಯರ್ ತಂದು ಬಾಗಿಲಲ್ಲಿ ನಿಂತು "ನೌ ಯು ಆರ್ ಒನ್ ಆಫ್ ಅಸ್" ಎಂದ. ಬಾಟಲಿ ತೆಗೆದುಕೊಂಡೆ. ಕುಡಿದೆ ಕೂಡ.

ಎರಡು ತಿಂಗಳು ಅನಿಕೇತ ನಮ್ಮ ಮನೆಯಲ್ಲೇ ಇದ್ದ. ನಿನಗೆ ಭಾಗಾಕಾರ ಕಲಿಸಿದ್ದು ಆಗಲೇ, ಒಂದೇ ಕಣ್ಣಿನಲ್ಲಿ. ಆಮೇಲೆ ಅವನಿಗೆ ಇಲ್ಲಿ ಕೆಲಸ ಸಿಕ್ಕಿತು. "ಬರ್ರಿ ಅಣ್ಣಾರ, ಇಲ್ಲಿ ಹಿಮಾನೂ ಇಲ್ಲ, ಸಲಿಕೀನೂ ಬೇಕಾಗಿಲ್ಲ" ಎಂದು ಕರೆದು ನಮ್ಮನ್ನೂ ಇಲ್ಲಿ ನೆಲೆಗೊಳಿಸಿದ. ಒಮ್ಮೆ ನಾನು ಕಾಲು ಹಿಡಿಯಲು ಹೋದಾಗ ಹಿಂದೆ ಸರಿದು, "ನಿಮಗೇನ್ ಗೊತ್ತಿತ್ರೀ ನಾ ಯಾರಂತ? ಗೊತ್ತಿಲ್ಲದ ಆಗಿದ್ದು," ಎಂದ.

ನೀನು ಈಗ ಮಾಡಬೇಕಾದದ್ದು ಎರಡು. ಕುರ್ಚಿ ಒಳಗೆ ತಾ. ಆಮೇಲೆ ಆ ಕಾರು ಯಾರದೆಂದು ಹುಡುಕಿ, ಅವರ ಬಾಗಿಲಿಗೆ ಹೋಗಿ, ನಾನೇ ಮಾಡಿದ್ದು ಎಂದು ಹೇಳು. ಬೀದಿಯವರು ನಿನ್ನೊಂದಿಗೆ ಮಾತು ಬಿಡಬಹುದು. ಬಿಡಲಿ. ನಿನ್ನ ದನಿಯಲ್ಲಿ "ಕೈ ಮುರೀತೀನಿ" ಎಂದು ಕೇಳಿದ ಮೇಲೆ ನನಗೆ ಬೇರೆ ಭಯ. ನೀನು ನನ್ನ ಮಗಳು. ನಿನ್ನ ಕೈ ಎಷ್ಟು ಬೇಗ ಏಳುತ್ತದೆಂದು ನನಗೆ ಗೊತ್ತು.

ಚೆನ್ನಾಗಿ ಉಣ್ಣು, ಕಿವಿ ಮುಚ್ಚಿಕೊಂಡು ಓಡಾಡು. ಬಸವಣ್ಣ ನಿನ್ನ ಕೈಯನ್ನು ತಡೆದು ಕಾಯಲಿ. ನೂರು ವರ್ಷ ಬಾಳು ಮಗಳೇ.

ನಿನ್ನ ಅಪ್ಪ,
ಸೋಮಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಒಂದು ಕಡೆ ಹಿಂದುಮುಂದು ಮಾಡಿದ್ದೇನೆ. ಅವನು "ಯವ್ವಾ" ಎಂದು ಚೀರಿದ್ದು ಎರಡನೆಯ ಏಟಿಗಲ್ಲ, ಮೊದಲನೆಯದಕ್ಕೆ. ಭುಜದ ಏಟಿಗೆ. ನನಗೆ ಸ್ಪಷ್ಟವಾಗಿ ಕೇಳಿಸಿತು. ಕೈ ನಿಂತಿತು. ನಮ್ಮವನು ಎಂದು ಗೊತ್ತಾಯಿತು. ಹಿಂದಿನಿಂದ ಸ್ಟಾನ್ಲಿ, "ಯಾಕೆ ಸ್ಯಾಮ್, ನಿನ್ನ ಜನವಾ?" ಎಂದು ಕೂಗಿದ. ಯಾರೋ ನಕ್ಕರು. ಆ ನಗುವಿಗೆ ನಾನು ಎರಡನೆಯ ಸಲ ಸಲಿಕೆ ಎತ್ತಿದೆ, ಮುಖ ನೋಡಿಕೊಂಡೇ ಹೊಡೆದೆ. ಅನಿಕೇತನಿಗೆ ಮೊದಲ ಏಟಿಗೂ ಕೆಳಗೆ ಬಿದ್ದದ್ದಕ್ಕೂ ನಡುವಿನದೇನೂ ನೆನಪಿಲ್ಲವಂತೆ. ಗೊತ್ತಿಲ್ಲದೆ ಆದದ್ದು ಎಂದು ಹದಿನೈದು ವರ್ಷದಿಂದ ನನ್ನನ್ನು ಕ್ಷಮಿಸುತ್ತ ಬಂದಿದ್ದಾನೆ. ಇದನ್ನು ಕೊರಿಯರ್‌ಗೆ ಕೊಟ್ಟು ನೇರ ಅವನ ಮನೆಗೆ ಹೋಗುತ್ತಿದ್ದೇನೆ. ಅವನು ನನ್ನನ್ನು ಏನು ಮಾಡಿದರೂ, ನೀನು ಅವನನ್ನು ಮಾಮಾ ಎನ್ನುವುದನ್ನು ಬಿಡಬೇಡ.