ಹಸಿ ಮೆರುಗು

ಡಿಸೆಂಬರ್ 9, ಬೆಳಿಗ್ಗೆ

ಸೊಸೆಯ ಮುಖಕ್ಕೆ ಇಲ್ಲಿಯವರೆಗಿನ ಖರ್ಚು: ಡಾಕ್ಟರಿಗೆ ಇಪ್ಪತ್ತು ಸಾವಿರ ಚಾಟ್ ದುಡ್ಡು, ಮುಲಾಮಿಗೆ ಹನ್ನೆರಡು, ಪಗೋಡಾದ ಹೂವಿಗೆ ಎರಡು. ಪಕ್ಕದ ಮನೆಯ ಡೋ ಮ್ಯಾಳ ಸಲಹೆ ಪುಕ್ಕಟೆ. ಅದೇ ದುಬಾರಿ. ಮನೆ ಒಲ್ಲದ ಹುಡುಗಿಯ ಮೈ ಹೀಗೇ ಮಾತಾಡುವುದು ಎಂದು ಬೀದಿಗೆಲ್ಲ ಹಂಚಿದ್ದಾಳೆ.

ಯೀ ಮೋನ್ ಮದುವೆಯಾಗಿ ಬಂದು ತಿಂಗಳಾಗಿಲ್ಲ. ಕಣ್ಣು ಊದಿ ಗೀರಾಗಿವೆ. ಕೆನ್ನೆ ತುಂಬ ಗುಳ್ಳೆ. ಅಲರ್ಜಿ ಎಂದರು ಡಾಕ್ಟರ್. ನಾವು ಬಿದಿರಿನ ಬಟ್ಟಲಿಗೆ ಬಳಿಯುವ ತಿಸ್ಸಿ, ಮರದ ಆ ಕಪ್ಪು ಹಾಲು, ಕೆಲವರ ಮೈಗೆ ಆಗುವುದಿಲ್ಲವಂತೆ. ಈ ಊರಲ್ಲಿ ಕೂಸಿಗೂ ಗೊತ್ತು. ಅದಕ್ಕೇ ಮೊದಲ ದಿನದಿಂದ ಅವಳನ್ನು ಕೆಲಸದ ಚಪ್ಪರಕ್ಕೆ ಬಿಟ್ಟಿಲ್ಲ. ಮಗ ಎಳ್ಳೆಣ್ಣೆಯಲ್ಲಿ ಕೈ ಉಜ್ಜಿ ತೊಳೆದೇ ಒಳಗೆ ಬರುತ್ತಾನೆ. ಆದರೂ...

ತಂಪಾಗಲಿ, ಮುಖಕ್ಕೆ ತನಖಾ ತೊಗಟೆಯ ಗಂಧ ಜಾಸ್ತಿ ಹಚ್ಚಿಕೊ ಎಂದೆ. ಪಾಪ, ಮೂರು ಹೊತ್ತೂ ಹಚ್ಚುತ್ತಾಳೆ.

ಡಿಸೆಂಬರ್ 11

ತವರಿಗೆ ಹೋಗುತ್ತಾಳಂತೆ. ನಾಲ್ಕು ದಿನದ ಮಟ್ಟಿಗಲ್ಲ.

"ಈ ಮನೆ ನನ್ನ ಮೈಗೆ ಆಗ್ಲಿಲ್ಲ ಅತ್ತೆ. ಅವರಿಗೆ ಬೇರೆ ಹೆಣ್ಣು ನೋಡಿ."

ಮಗ ಕಂಬ ಹಿಡಿದು ನಿಂತ. ಟೂರಿಸ್ಟುಗಳಿಗೆ ಐದು ಭಾಷೆಯಲ್ಲಿ ಬಟ್ಟಲು ಮಾರುವ ನಾನು ಅಡುಗೆಮನೆಗೆ ಹೋದೆ. ದೋಣಿಯಲ್ಲಿ ತಿನ್ನಲು ಬುತ್ತಿ ಕಟ್ಟಿಕೊಟ್ಟೆ.

ಡಿಸೆಂಬರ್ 27, ಪಕೋಕು, ಬೀಗರ ಮನೆ

ಮಗ ಸರಿಯಾಗಿ ಉಣ್ಣುತ್ತಿಲ್ಲ. ನಾನೇ ದೋಣಿ ಹತ್ತಿದೆ. ಇಲ್ಲಿ ಗುಣವಾಗಿದ್ದರೆ ಬಿಟ್ಟುಕೊಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡೇ ಬಂದದ್ದು. ಗುಣ ಎಲ್ಲಿ? ಮುಖ ಇನ್ನೂ ಕೆಟ್ಟಿದೆ. ತಿಸ್ಸಿಯ ಗಾಳಿಯೂ ಸುಳಿಯದ ಮನೆ ಇದು.

ಲೆಕ್ಕ ಕೂಡಲಿಲ್ಲ. ಸುಮ್ಮನೆ ಅವಳನ್ನೇ ನೋಡುತ್ತ ಕೂತೆ. ಗಂಧ ಹಚ್ಚಿಕೊಳ್ಳುತ್ತಿದ್ದಳು. ತೆಗೆದದ್ದು ಬಿದಿರಿನ ಕರಡಿಗೆಯಿಂದ — ಮದುವೆಗೆ ನಾನು ಕೊಟ್ಟದ್ದು. ತೆಗೆದುಕೊಂಡು ಮೂಸಿದೆ. ಒಣಗಿದ ತಿಸ್ಸಿ ಮೆರುಗಿಗೆ ವಾಸನೆಯಿಲ್ಲ. ಇದಕ್ಕಿತ್ತು. ಮದುವೆ ಹತ್ತಿರ ಬಂತೆಂದು ಕಡೆಯ ಲೇಪ ಒಣಗುವ ಮುಂಚೆಯೇ ಆರಲು ಇಡುವ ನೆಲಮಾಳಿಗೆಯಿಂದ ತೆಗೆಸಿದ್ದೆ. ಗಿರಾಕಿಗೆ ಎಂದೂ ಹಾಗೆ ಕೊಟ್ಟವಳಲ್ಲ.

ಹಸಿ ತಿಸ್ಸಿಯಲ್ಲಿ ನೆನೆದ ಗಂಧವನ್ನು ಹುಡುಗಿ ದಿನವೂ ಮುಖಕ್ಕೆ... ಹಚ್ಚು ಹಚ್ಚು ಎಂದವಳೂ ನಾನೇ.

ಎಲ್ಲ ಹೇಳಿದೆ. ಬೈಯಲಿಲ್ಲ. ಅಷ್ಟು ಬೇಸತ್ತು ಹೊರಟವಳು ಇದನ್ನೇಕೆ ಹೊತ್ತು ತಂದೆ ಎಂದು ಕೇಳಿದೆ. ನೆಲ ನೋಡುತ್ತ ಅಂದಳು:

"ಆ ಮನೇದು ಅಂತ ಒಂದಾದ್ರೂ ಜೊತೇಲಿರ್ಲಿ ಅಂತ, ಅತ್ತೆ."

ಜನವರಿ 16

ನಿನ್ನೆಯ ದೋಣಿಗೆ ಬಂದಳು. ಸಿಪ್ಪೆ ಸುಲಿದು ಹೊಸ ಚರ್ಮ ಬಂದಿದೆ.

ಯಾರಿಗೆ ಏನು ಸಿಕ್ಕಿತು: ಡಾಕ್ಟರಿಗೆ ಫೀಸು. ಡೋ ಮ್ಯಾಳಿಗೆ ತಿಂಗಳಿಗಾಗುವಷ್ಟು ಮಾತು. ಮಗನಿಗೆ ಹೆಂಡತಿ. ಅವಳಿಗೆ ಅವಳ ಮುಖ. ನನಗೆ — ನಾನು ಚಹಾ ಕೊಟ್ಟರೂ ಮೊದಲು ಮೂಸಿ ನೋಡಿ ನಗುವ ಸೊಸೆ. ಈಗಲೂ ಒಳಗೆ ನಗುತ್ತಿದ್ದಾಳೆ. ಏನು ಹೇಳಿದಳೋ, ಮಗನೂ—